ಬ್ಲೀಚ್ ಡಬ್ಬಿಯ ಮೇಲೆ ಬಂದ ಅಪವಾದ

ನಾನು ಹುಟ್ಟಿನಿಂದಲೇ ಸಂಶಯದವಳು. ಹಾಲಿನ ಪ್ಯಾಕೆಟ್ಟನ್ನು ಮೂಸದೆ ಒಲೆಯ ಮೇಲಿಡುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋದವಳು ವಾಪಸ್ಸು ಬಂದು ಬೀಗ ಜಗ್ಗಿ ನೋಡಿದ ಮೇಲೆಯೇ ಬಸ್ಸು ಹತ್ತುವುದು. "ನಿನ್ನನ್ನ ಸ್ಟೇಷನ್ನಲ್ಲಿ ಕೂರಿಸಿದ್ರೆ ಕಳ್ಳರೆಲ್ಲ ತಾವಾಗೇ ಬಂದು ಒಪ್ಕೊಂಡ್ಬಿಡ್ತಿದ್ರು" ಎಂದು ನನ್ನ ಗಂಡ ರೇಗಿಸುತ್ತಾರೆ. ರೇಗಿಸಲಿ. ಅವರಿಗೆ ಹಳಸಿದ ಹಾಲಿನ ಕಾಫಿ ಒಂದು ದಿನವೂ ಸಿಕ್ಕಿಲ್ಲ.

ಹೊರಮಾವಿನಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಒಂದು ಕೋಣೆ, ಎರಡು ಕುರ್ಚಿ, ಗೋಡೆಯ ಉದ್ದಕ್ಕೂ ಕನ್ನಡಿ. ನಾನು ಹುಟ್ಟಿದ್ದು ಹಲಸೂರಿನಲ್ಲಿ, ಕೆಲಸ ಕಲಿತದ್ದು ಇಂದಿರಾನಗರದ ಒಂದು ದೊಡ್ಡ ಪಾರ್ಲರಿನಲ್ಲಿ. ಅಲ್ಲಿನ ಬಾಡಿಗೆ ನಮಗೆ ಎಟುಕುವಂಥದ್ದಲ್ಲವಾದ್ದರಿಂದ ಸ್ವಂತ ಅಂಗಡಿ ಇಡುವಾಗ ಇಲ್ಲಿಗೆ ಬಂದೆ. ಹೆಂಗಸರು ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಚೆಲ್ಲಿ, ತಮ್ಮ ಮುಖವನ್ನು ನನ್ನ ಕೈಗೆ ಕೊಟ್ಟು ಕೂರುತ್ತಾರೆ. ಅಷ್ಟು ನಂಬಿಕೆ ಅವರು ಗಂಡಂದಿರ ಮೇಲೂ ಇಟ್ಟಿರಲಿಕ್ಕಿಲ್ಲ. ಈ ಕಸುಬಿನಲ್ಲಿ ಬಂಡವಾಳ ಅಂದರೆ ಅದೇ. ಒಂದು ಮುಖ ಕೆಟ್ಟರೆ ಸಾಕು, ಸಂಜೆಯೊಳಗೆ ಸುದ್ದಿ ಇಡೀ ಬಡಾವಣೆ ಸುತ್ತಿ ಬರುತ್ತದೆ.

ಹೋದ ವರ್ಷ ಮಳೆಗಾಲದ ಕೊನೆಗೆ ನನ್ನ ಎದುರು ಸಾಲಿನಲ್ಲಿ ಗಾಜಿನ ಬಾಗಿಲಿನ ಹೊಸ ಸಲೂನ್ ಒಂದು ಶುರುವಾಯಿತು. ಎ.ಸಿ. ಇತ್ತು, ಒಳಗೆ ಸಣ್ಣಗೆ ಇಂಗ್ಲಿಷ್ ಹಾಡು ಬರುತ್ತಿತ್ತು. ಸಂಜೆಯಾದರೆ ಅದು ಝಗಝಗ ಅನ್ನುತ್ತಿತ್ತು, ನನ್ನ ಅಂಗಡಿ ಅದರೆದುರು ಉಗ್ರಾಣದ ಹಾಗೆ ಮಂಕಾಗಿ ನಿಂತಿರುತ್ತಿತ್ತು. ನಾನೇನು ಕಡಿಮೆ ಎಂದು ಕನ್ನಡಿಯ ಮೇಲೂ ಬೋರ್ಡಿನ ಸುತ್ತಲೂ ಬಿಳಿ ಎಲ್‌ಇಡಿ ಪಟ್ಟಿ ಹಾಕಿಸಿದೆ. ಸೂಜಿ ಬಿದ್ದರೂ ಕಾಣುವಷ್ಟು ಬೆಳಕು. ನನ್ನ ಗೋಡೆಗೆ ತಾಗಿದಂತೆ ಒಂದು ಖಾಲಿ ಸೈಟಿದೆ. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಬಿದ್ದಿರುವಂಥದ್ದು. ಮಳೆ ನೀರು ನಿಂತು, ಹುಲ್ಲು ಆಳೆತ್ತರ ಬೆಳೆದು, ಆ ಬೆಳಕಿನಲ್ಲಿ ಅದೂ ಹಸಿರಾಗಿ ಚೆಂದವಾಗಿಯೇ ಕಾಣುತ್ತಿತ್ತು.

ಮೊದಲು ಬಂದವಳು ಒಬ್ಬ ಕಾಲೇಜು ಹುಡುಗಿ. ಹುಬ್ಬಿನ ಥ್ರೆಡಿಂಗ್ ಮಾಡಿಸಿಕೊಂಡು ಹೋದವಳು ಎರಡು ದಿನ ಬಿಟ್ಟು ತಿರುಗಿ ಬಂದಳು. ಹಣೆಯ ಮೇಲೆ ಕಾದ ಕಡ್ಡಿ ಎಳೆದಂಥ ಕೆಂಪು ಗೆರೆ, ಗೆರೆಯ ತುಂಬ ಸಣ್ಣ ಸಣ್ಣ ನೀರುಗುಳ್ಳೆ. "ಆಂಟಿ, ತುರಿಕೆ ಅಲ್ಲ, ಉರಿ" ಎಂದಳು. ಮೊಡವೆಗೆ ಏನೇನೋ ಹಚ್ಚಿಕೊಳ್ಳುವ ವಯಸ್ಸು, ಇವಳೇ ಏನೋ ಮಾಡಿಕೊಂಡಿದ್ದಾಳೆ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟು ಕಳಿಸಿದೆ. ಅದೇ ವಾರ ಹಿಂದಿನ ಬೀದಿಯ ಪಿ.ಜಿ.ಯಲ್ಲಿದ್ದ ನರ್ಸ್ ಒಬ್ಬಳು ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಕಿವಿಯ ಹಿಂದೆ ಅಂಥದೇ ಗೆರೆ. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ಆಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮೊದಲು ದಾರದ ಮೇಲೆ ಸಂಶಯ ಬಂತು, ಹೊಸ ರೀಲು ತಂದೆ. ನಂತರ ಹತ್ತಿಯ ಮೇಲೆ, ರೋಸ್ ವಾಟರ್ ಮೇಲೆ, ಟವೆಲ್ ಒಗೆಯುವ ಸೋಪಿನ ಮೇಲೆ. ಕೊನೆಗೆ ಶಿವಾಜಿನಗರದ ಹೋಲ್‌ಸೇಲ್ ಅಂಗಡಿಯವನ ಮೇಲೆ. ಕ್ರೀಮು, ಬ್ಲೀಚು, ವ್ಯಾಕ್ಸು ಎಲ್ಲವನ್ನೂ ವರ್ಷಗಳಿಂದ ಅವನ ಹತ್ತಿರವೇ ತರುತ್ತಿದ್ದೆ. ಡುಪ್ಲಿಕೇಟ್ ಮಾಲು ತಳ್ಳಿರಬಹುದು ಎಂದು ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿ ಅವನ ಕೌಂಟರಿನ ಮೇಲೆ ಸುರಿದೆ.

ಅವನು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಮೇಡಂ, ನಮ್ಮ ಅಬ್ಬಾ ಕಾಲದಿಂದ ಇರೋ ಅಂಗಡಿ ಇದು. ನಿಮ್ಗೆ ಡುಪ್ಲಿಕೇಟ್ ಕೊಟ್ಟು ನಾನೆಲ್ಲಿ ಹೋಗ್ಲಿ? ಇದೇ ಮಾಲು ಅರ್ಧ ಬೆಂಗಳೂರಿಗೆ ಹೋಗ್ತದೆ. ಬೇರೆ ಯಾರೂ ಬಂದಿಲ್ವಲ್ಲ."

ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದಕ್ಕೇ ಇನ್ನಷ್ಟು ಅನುಮಾನ ಬಂತು. ಮನೆಗೆ ಬಂದು ಅದೇ ಬ್ಲೀಚನ್ನು ಕಲಸಿ ನನ್ನ ಮಣಿಕಟ್ಟಿಗೆ ಹಚ್ಚಿಕೊಂಡು ಕೂತೆ. ಏನೂ ಆಗಲಿಲ್ಲ, ಕೂದಲಿನ ಬಣ್ಣ ಮಾತ್ರ ತಿಳಿಯಾಯಿತು. ಹಾಗಾದರೆ ಎದುರು ಸಲೂನಿನವರ ಕೈವಾಡವೇ ಇರಬೇಕು. ಅವರಲ್ಲಿ ಕೆಲಸ ಮಾಡುವ ಹುಡುಗಿ ಚಿಲ್ಲರೆ ಕೇಳುವ ನೆಪದಲ್ಲಿ ಎರಡು ಸಲ ಬಂದಿದ್ದಳು, ಬಂದವಳು ಸುಮ್ಮನೆ ಹೋಗದೆ ಪೌಡರ್ ಡಬ್ಬಿಯ ಹತ್ತಿರ ನಿಂತಿದ್ದಳು. ಪೌಡರ್ ಎಸೆದು ಹೊಸದು ತಂದೆ. ಗಂಡನಿಗೆ ಹೇಳಿದರೆ, "ಪಾಪ, ಆ ಮಗು ಬಂದಿದ್ದು ನೂರು ರೂಪಾಯಿ ಚಿಲ್ಲರೆಗೆ. ನೀನು ಅವಳ ಮೇಲೆ ಕೊಲೆ ಕೇಸ್ ಹಾಕ್ತಿದ್ದೀಯ" ಎಂದರು.

ಇಷ್ಟರಲ್ಲಿ ಮದುಮಗಳು ಬಂದಳು.

ಅವಳು ಹೊರಮಾವಿನ ಹಳೆಯ ಮನೆತನದ ಹುಡುಗಿ. ಇಲ್ಲಿ ಅಪಾರ್ಟ್‌ಮೆಂಟುಗಳು ಏಳುವ ಮೊದಲು ರಾಗಿ ಬೆಳೆಯುತ್ತಿದ್ದವರ ಮನೆ. ಅವಳ ತಾಯಿ ನಾನು ಅಂಗಡಿ ತೆರೆದ ದಿನದಿಂದ ನನ್ನ ಗಿರಾಕಿ. ಈ ಹುಡುಗಿಯ ಮೊದಲ ಹುಬ್ಬು ತಿದ್ದಿದ್ದು ನಾನೇ. ನೋವಿಗೆ ಅತ್ತು, ನನ್ನ ಸೆರಗಿನಲ್ಲೇ ಮೂಗು ಒರೆಸಿಕೊಂಡಿದ್ದಳು. ಕಾರ್ತಿಕದಲ್ಲಿ ಮದುವೆ, ಗಂಡು ಕೆ.ಆರ್. ಪುರದವನು. ಒಂದು ಸಲ ಮೊದಲೇ ಫೇಶಿಯಲ್, ಬ್ಲೀಚ್ ಮಾಡಿ ಚರ್ಮಕ್ಕೆ ಒಗ್ಗುತ್ತದೋ ನೋಡೋಣ ಎಂದು ನಾನೇ ಕರೆಸಿದ್ದೆ. ಅಷ್ಟು ಜಾಗರೂಕತೆ ನನ್ನದು.

ಆ ಸಂಜೆ ಮಳೆ ಆಗತಾನೆ ನಿಂತಿತ್ತು. ಬ್ಲೀಚ್ ತೊಳೆದು, ಮುಖ ಒರೆಸಿ, ಹುಬ್ಬಿಗೆ ಕೈ ಹಾಕುವಷ್ಟರಲ್ಲಿ ಅವಳು, "ಆಂಟಿ, ಕತ್ತಿನ ಮೇಲೆ ಏನೋ ಹರಿದಂಗಾಯ್ತು" ಎಂದಳು. ಕಿವಿಯ ಕೆಳಗೆ ಇರುವೆಯಂಥದ್ದೇನೋ ಇತ್ತು. "ಇರುವೆ ಕಣೇ" ಎಂದು ಪೌಡರ್ ಪಫ್‌ನಿಂದ ಒತ್ತಿ, ಹಾಗೇ ಕತ್ತಿನ ಸುತ್ತ ಒರೆಸಿ ಪೌಡರ್ ಹಾಕಿದೆ. ದಿನಕ್ಕೆ ಎಷ್ಟು ಕತ್ತುಗಳಿಗೆ ಹಾಗೆ ಪೌಡರ್ ಹಾಕುತ್ತೇನೋ, ಲೆಕ್ಕ ಇಟ್ಟವರಿಲ್ಲ.

ಎರಡನೆಯ ದಿನ ಬೆಳಿಗ್ಗೆ ನಾನು ಷಟರ್ ಎತ್ತುವ ಮೊದಲೇ ಅವಳ ತಾಯಿ ಮೆಟ್ಟಿಲ ಮೇಲೆ ನಿಂತಿದ್ದರು. ಪಕ್ಕದಲ್ಲಿ ಹುಡುಗಿ, ದುಪಟ್ಟಾವನ್ನು ಕತ್ತಿಗೆ ಸುತ್ತಿಕೊಂಡಿದ್ದಳು. ತಾಯಿ ಅದನ್ನು ಎಳೆದು ತೋರಿಸಿದರು. ಕಿವಿಯ ಕೆಳಗಿನಿಂದ ಶುರುವಾದ ಕೆಂಪು ಪಟ್ಟಿ ಕತ್ತಿನ ಹಿಂದೆ ಹಾದು ಇನ್ನೊಂದು ಕಡೆಯ ಕಾಲರ್ ಮೂಳೆಯವರೆಗೆ ಬಂದಿತ್ತು. ಅಲ್ಲಲ್ಲಿ ಬೊಬ್ಬೆ ಎದ್ದಿತ್ತು.

"ಇಷ್ಟು ವರ್ಷ ನಿಮ್ಮನ್ನ ನಂಬಿದ್ದಕ್ಕೆ ಇದಾ?" ಎಂದರು ತಾಯಿ. "ಯಾವ ಕಾಲದ ಬ್ಲೀಚ್ ಹಾಕಿದ್ರಿ?"

"ಅಕ್ಕ, ಸ್ವಲ್ಪ ನೋಡಿ. ಬ್ಲೀಚ್ ಹಾಕಿದ್ದು ಮುಖಕ್ಕೆ. ಮುಖ ಹೂವಿನ ಹಾಗಿದೆ. ಸುಟ್ಟಿರೋದು ಕತ್ತು. ಕತ್ತಿಗೆ ನಾನು ಹಾಕೇ ಇಲ್ಲ."

"ಸೋರಿ ಇಳಿದಿರುತ್ತೆ."

"ಸೋರಿದ್ದು ಕತ್ತಿನ ಹಿಂದೆ ಸುತ್ತಿಕೊಂಡು ಹೋಗುತ್ತಾ ಅಕ್ಕ?"

"ಅದೆಲ್ಲ ನಂಗೊತ್ತಿಲ್ಲ. ಮದುವೆಗೆ ಮುಂಚೆ ಇದು ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನಿನ್ನ ಅಂಗಡಿ ಇಲ್ಲಿ ಇರಲ್ಲ." ಮಾತು ಮುಗಿಯುವಷ್ಟರಲ್ಲಿ ನೀವು ಹೋಗಿ ನೀನು ಬಂದಿತ್ತು.

ಅಂದು ಮಧ್ಯಾಹ್ನ ಕುರ್ಚಿಯಲ್ಲಿ ಒಬ್ಬಳೇ ಕೂತು ಯೋಚಿಸುತ್ತಿದ್ದಾಗ ನನ್ನ ಮೊಣಕೈ ಒಳಗಡೆ ಉರಿಯುತ್ತಿರುವುದು ಗಮನಕ್ಕೆ ಬಂತು. ಎರಡು ದಿನದಿಂದ ಉರಿಯುತ್ತಿತ್ತು, ಒಲೆ ತಾಗಿರಬೇಕೆಂದು ಸುಮ್ಮನಿದ್ದೆ. ಮಡಿಸುವ ಜಾಗದ ಮೇಲೊಂದು ಕಲೆ, ಕೆಳಗೊಂದು ಕಲೆ. ಕೈ ಮಡಿಸಿದರೆ ಎರಡೂ ಸರಿಯಾಗಿ ಒಂದರ ಮೇಲೊಂದು ಕೂರುತ್ತಿದ್ದವು. ಒಲೆ ಹಾಗೆ ಸುಡುವುದಿಲ್ಲ, ಬ್ಲೀಚೂ ಸುಡುವುದಿಲ್ಲ. ಏನೋ ಒಂದು ಆ ಮಡಿಕೆಯ ಮಧ್ಯೆ ಸಿಕ್ಕಿಕೊಂಡು ಅರೆದುಹೋಗಿದೆ ಎಂಬುದು ನನಗೆ ಹೊಳೆಯಿತು.

ಇಂದಿರಾನಗರದ ಚರ್ಮದ ಡಾಕ್ಟರರ ಹತ್ತಿರ ಹೋದೆ. ಅವರು ಕೈಯನ್ನು ಒಮ್ಮೆ ಮಡಿಸಿದರು, ಬಿಡಿಸಿದರು, ನಕ್ಕರು. "ಹುಳ. ಕಚ್ಚಲ್ಲ ಇದು. ಮೈಮೇಲೆ ಕೂತಾಗ ನಾವು ಹೊಸಕಿಬಿಡ್ತೀವಿ, ಅದರ ರಸ ಸುಡುತ್ತೆ. ಗೊತ್ತಾಗೋದು ಮಾರನೇ ದಿನಾನೇ. ಮಳೆಗಾಲದಲ್ಲಿ ಲೈಟಿಗೆ ಬರ್ತವೆ" ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಇರುವೆಗಿಂತ ಸ್ವಲ್ಪ ಉದ್ದ, ಕಿತ್ತಳೆ ಬಣ್ಣದ ಮೈ, ನಡುವೆ ಮತ್ತು ತುದಿಗೆ ಕಪ್ಪು. ಔಷಧಿ ಬರೆದುಕೊಟ್ಟರು. ನನಗೆ ನಂಬಿಕೆ ಬರಲಿಲ್ಲ. ಗೊತ್ತಾಗದ್ದನ್ನೆಲ್ಲ ಹುಳದ ತಲೆಗೆ ಕಟ್ಟುವುದು ಡಾಕ್ಟರರಿಗೆ ಸುಲಭ ತಾನೇ.

ಸಂಜೆ ಎಲ್ಲ ದೀಪಗಳನ್ನೂ ಹಾಕಿ, ಕನ್ನಡಿಯ ಕೆಳಗೆ ಬಿಳಿ ಟವೆಲ್ ಹಾಸಿ, ದೂರ ಕೂತು ಕಾದೆ. ಖಾಲಿ ಸೈಟಿನ ಕಡೆಯ ಕಿಟಕಿಯಿಂದ ಅವು ಬಂದವು. ಎಲ್‌ಇಡಿ ಪಟ್ಟಿಯ ಸುತ್ತ ಸುತ್ತಿ ಟವೆಲ್ಲಿನ ಮೇಲೆ ಬಿದ್ದು, ಬಾಲ ಎತ್ತಿಕೊಂಡು ಗಡಿಬಿಡಿಯಲ್ಲಿ ಓಡಾಡತೊಡಗಿದವು. ಡಾಕ್ಟರು ತೋರಿಸಿದ ಚಿತ್ರವೇ. ಇಷ್ಟು ದಿನ ನೋಡುತ್ತಲೇ ಇದ್ದೆ, ಇರುವೆ ಎಂದು ಪಫ್‌ನಿಂದ ಒರೆಸುತ್ತಲೇ ಇದ್ದೆ. ಒರೆಸಿದ ದಾರಿಯಲ್ಲೇ ಗೆರೆ ಎದ್ದಿತ್ತು. ಸಿಕ್ಕಿತು ಎಂಬ ಖುಷಿ ಮೊದಲು ಬಂತು. ಹಿಂದೆಯೇ ಇನ್ನೊಂದು ಯೋಚನೆ ಬಂತು: ವಿಷ ಹುಳದ್ದು, ಒರೆಸಿದ ಕೈ ನನ್ನದು.

ಮಾರನೇ ದಿನ ಬಿಂದಿ ಡಬ್ಬಿಯೊಂದರಲ್ಲಿ ಎರಡು ಹುಳ ಹಿಡಿದುಕೊಂಡು ಹುಡುಗಿಯ ಮನೆಗೆ ಹೋದೆ. ತಾಯಿ ಮುಚ್ಚಳದ ಮೇಲಿನಿಂದಲೇ ನೋಡಿದರು.

"ಇರುವೆ ತೋರಿಸೋಕೆ ಬಂದ್ಯಾ?"

"ಇರುವೆ ಅಲ್ಲ ಅಕ್ಕ. ನನ್ನ ಕೈ ನೋಡಿ, ನನಗೂ ಆಗಿದೆ."

"ವ್ಯಾಕ್ಸ್ ಬಿದ್ದಿರುತ್ತೆ. ದಿನಾ ಅದರಲ್ಲೇ ಇರ್ತೀಯಲ್ಲ."

ಅವರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ, ಅದಕ್ಕೇ ಸಿಟ್ಟು ನೆತ್ತಿಗೇರಿತು. ಡಬ್ಬಿ ತೆರೆದು, ಒಂದು ಹುಳವನ್ನು ನನ್ನ ಎಡ ಮುಂಗೈ ಮೇಲೆ ಬಿಟ್ಟು, ಅವರ ಕಣ್ಣೆದುರಿಗೇ ಟಿಶ್ಯೂ ಕಾಗದದಿಂದ ಹೊಸಕಿ ಉದ್ದಕ್ಕೆ ಎಳೆದೆ. "ಇವತ್ತು ಏನೂ ಕಾಣ್ಸಲ್ಲ. ನಾಳಿದ್ದು ಬಂದು ನೋಡಿ" ಎಂದೆ. ಅವರು ಬಾಗಿಲು ಹಾಕಿಕೊಂಡರು.

ಮನುಷ್ಯರು ಏನೇನಕ್ಕೋ ಹರಕೆ ಹೊರುತ್ತಾರೆ. ನಾನು ನನ್ನ ಕೈ ಸುಡಲಿ ಎಂದು ಕಾದೆ. ಪಾತ್ರೆ ತೊಳೆಯುವಾಗಲೂ ಎಡಗೈಗೆ ಸೋಪು ತಾಗಿಸಲಿಲ್ಲ. ಮಾರನೇ ದಿನ ಮಧ್ಯಾಹ್ನದವರೆಗೆ ಚರ್ಮ ಸೊಗಸಾಗಿ ಇತ್ತು, ನನಗೆ ಅಳು ಬರುವಂತಾಯಿತು. ಸಂಜೆಯ ಹೊತ್ತಿಗೆ ಸಣ್ಣಗೆ ಚುರುಗುಟ್ಟಿತು. ಅದರ ಮರುದಿನ ಬೆಳಿಗ್ಗೆ ನೋಡಿದರೆ ಮುಂಗೈ ಮೇಲೆ ಅದೇ ಕೆಂಪು ಗೆರೆ, ಅದೇ ಗುಳ್ಳೆ. ಗಂಡನಿಗೆ ತೋರಿಸಿದಾಗ, "ಚಿನ್ನದ ಬಳೆ ತಂದ್ಕೊಟ್ಟಾಗ್ಲೂ ಇಷ್ಟು ಖುಷಿ ಪಟ್ಟಿರ್ಲಿಲ್ಲ ನೀನು" ಎಂದರು.

ಹುಡುಗಿಯ ತಾಯಿ ಬಂದರು. ಆದರೆ ಮುಖ ಬೇರೆಯಾಗಿತ್ತು, ಸಿಟ್ಟು ಇರಲಿಲ್ಲ. ನನ್ನ ಕೈ ಹಿಡಿದು ಗೆರೆಯನ್ನು ಬಹಳ ಹೊತ್ತು ನೋಡಿದರು.

"ನೀನು ಹೇಳಿದ್ದು ನಿಜ ಕಣಕ್ಕ" ಎಂದರು. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತರು. "ನಿಜ ಆಗಿದ್ದೇ ತೊಂದ್ರೆ ಆಯ್ತು."

ನಡೆದದ್ದು ಇಷ್ಟು. ಗಂಡಿನ ಅಜ್ಜಿ ಸೀರೆ ತೋರಿಸಲು ಬಂದಿದ್ದವರು ಹುಡುಗಿಯ ಕತ್ತು ನೋಡಿಬಿಟ್ಟಿದ್ದರು. ನೋಡಿದ ಕೂಡಲೇ ಸರ್ಪಸುತ್ತು ಎಂದಿದ್ದರು. ನರಗಳ ಮೇಲೆ ಗುಳ್ಳೆಯೇಳುವ ಆ ಕಾಯಿಲೆ ಯಾರಿಗೆ ಬೇಕಾದರೂ ಬರುತ್ತದೆ. ಆದರೆ ಅಜ್ಜಿಯ ಪ್ರಕಾರ ಅದು ನಾಗದೋಷ ಇರುವವರಿಗೆ ಬರುವುದು, ಹಾವಿನ ತಲೆ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲ. ಅವರೇ ಕೂತು ಕೆಮ್ಮಣ್ಣು ಕಲಸಿ ಕತ್ತಿಗೆ ಬಳಿದಿದ್ದರು. ಜಾತಕ ಮತ್ತೆ ತೋರಿಸಬೇಕು, ನಾಗಶಾಂತಿ ಆಗಬೇಕು, ಅಲ್ಲಿಯವರೆಗೆ ಮದುವೆ ಬೇಡ ಎಂದು ಹೇಳಿ ಹೋಗಿದ್ದರು.

"ಹುಳ ಅಂತ ಹೇಳಿ" ಎಂದೆ. "ಡಾಕ್ಟ್ರ ಚೀಟಿ ಇದೆ. ನನ್ನ ಕೈ ಇದೆ."

"ಹೇಳಿದ್ರೆ ನಂಬ್ತಾರಾ? ನಾನೇ ನಂಬ್ಲಿಲ್ಲ. ದೋಷ ಮುಚ್ಚಿಡೋಕೆ ಹುಳದ ಕಥೆ ಕಟ್ಟಿದ್ರು ಅಂತಾರೆ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಬ್ಲೀಚ್ ಸುಡ್ತು ಅಂದ್ರೆ ಎಲ್ರೂ ನಂಬ್ತಾರೆ. ಎಲ್ಲಾದ್ರೂ ಒಬ್ರಿಗೆ ಆಗಿರೋದನ್ನ ಎಲ್ರೂ ನೋಡಿರ್ತಾರೆ. ನಾಳೆ ಅಜ್ಜಿ ಮತ್ತೆ ಬರ್ತಾರೆ. ನೀನೇ ಬಂದು ಒಂದು ಮಾತು ಹೇಳ್ಬಿಡಕ್ಕ."

ನನ್ನದಲ್ಲ ಎಂದು ಸಾಬೀತು ಮಾಡಲು ಕೈ ಸುಟ್ಟುಕೊಂಡಿದ್ದೆ. ಸಾಬೀತಾದ ಮರುಕ್ಷಣವೇ ನನ್ನದೇ ಎಂದು ಹೇಳು ಎನ್ನುತ್ತಿದ್ದಾರೆ. ಮೊದಲ ದಿನದಿಂದಲೇ ಇದನ್ನೇ ಎಣಿಸಿದ್ದರೇ ಎಂಬ ಅನುಮಾನವೂ ಬಂತು. "ನನ್ನ ಅಂಗಡಿ ಗತಿ?" ಎಂದೆ. "ನಾನಿದ್ದೀನಲ್ಲ" ಎಂದರು. "ಸತ್ಯ ಏನು ಅಂತ ನಂಗೊತ್ತಲ್ಲ. ನಾಕು ಜನಕ್ಕೆ ನಾನು ಹೇಳ್ತೀನಿ, ಮದುವೆ ಒಂದು ಆಗ್ಲಿ."

ನಾನು ಮಾತು ಕೊಡಲಿಲ್ಲ. ಮಾರನೇ ದಿನ ಹೋದೆ, ಅಷ್ಟೇ. ಹೋಗುವಾಗ ಬಿಂದಿ ಡಬ್ಬಿಯೂ ಡಾಕ್ಟರ ಚೀಟಿಯೂ ಚೀಲದಲ್ಲಿದ್ದವು. ನಿಜವನ್ನೇ ಹೇಳುವುದು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ.

ಅಜ್ಜಿ ನಡುಮನೆಯಲ್ಲಿ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತಿದ್ದರು. ಸಣ್ಣ ಆಳು, ಚುರುಕು ಕಣ್ಣು. ನನ್ನ ಜಾತಿಯವರೇ, ಅಂದರೆ ಸಂಶಯದ ಜಾತಿ. ಎದುರಿಗೆ ಹುಡುಗಿ, ಕತ್ತಿನ ತುಂಬ ಒಣಗಿ ಬಿರುಕು ಬಿಟ್ಟ ಕೆಮ್ಮಣ್ಣು. ಅಜ್ಜಿ ತಮ್ಮ ಬೆರಳುಗಳನ್ನು ಅವಳ ಗಂಟಲಿನ ಮೇಲಿಟ್ಟು, ಗೆರೆಯ ಒಂದು ತುದಿಗೂ ಇನ್ನೊಂದು ತುದಿಗೂ ಎಷ್ಟು ಜಾಗ ಉಳಿದಿದೆ ಎಂದು ಅಳೆಯುತ್ತಿದ್ದರು. "ಮೊನ್ನೆಗಿಂತ ಹತ್ರ ಬಂದದೆ" ಎಂದರು. ಹುಡುಗಿ ಕಣ್ಣು ಮುಚ್ಚಿಕೊಂಡಳು. ನನ್ನ ಕುರ್ಚಿಯಲ್ಲಿ ಮುಚ್ಚುವ ಹಾಗಲ್ಲ, ಹೆದರಿ, ಬಿಗಿಯಾಗಿ. ಬಿಂದಿ ಡಬ್ಬಿ ತೆಗೆಯಲು ಚೀಲಕ್ಕೆ ಹಾಕಿದ್ದ ಕೈಯನ್ನು ಖಾಲಿಯಾಗಿಯೇ ಹಿಂದಕ್ಕೆ ತೆಗೆದೆ. ಆ ಗೆರೆ ಎಳೆದ ಪಫ್ ನನ್ನ ಕೈಯಲ್ಲೇ ಇತ್ತಲ್ಲ.

"ಅಮ್ಮ, ಅದು ಸರ್ಪಸುತ್ತಲ್ಲ" ಎಂದೆ. "ನನ್ನ ಬ್ಲೀಚ್ ಸುಟ್ಟಿದ್ದು. ಡಬ್ಬಿ ಹಳೇದಾಗಿತ್ತು, ನಾನು ನೋಡ್ಲಿಲ್ಲ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇವ್ರು ಹೇಳ್ಕೊಟ್ಟು ಕರ್ಕೊಂಬಂದವ್ರಾ ನಿನ್ನ?"

ನಾನು ಸೀರೆಯ ಸೆರಗು ಸರಿಸಿ ಎಡಗೈ ಮುಂದೆ ಚಾಚಿದೆ. "ನೋಡಿ, ನನಗೂ ಬಿತ್ತು. ಅದೇ ಡಬ್ಬಿ."

ಅವರು ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡರು. ಗುಳ್ಳೆಗಳ ಮೇಲೆ ಬೆರಳು ಆಡಿಸಿದರು. ಹುಡುಗಿಯ ಕತ್ತು ನೋಡಿದರು, ಮತ್ತೆ ನನ್ನ ಕೈ ನೋಡಿದರು. ಇಬ್ಬರಿಗೂ ಒಟ್ಟಿಗೆ ನಾಗದೋಷ ಬರುವುದು ಅವರ ಲೆಕ್ಕಕ್ಕೂ ಸಿಗಲಿಲ್ಲವೆಂದು ಕಾಣುತ್ತದೆ. ಮುಖ ಸಡಿಲವಾಯಿತು. ಆಮೇಲೆ ನನಗೆ ಬೈಯಲು ಶುರು ಮಾಡಿದರು. "ಮದುವೆ ಹೆಣ್ಣಿನ ಮೈಮೇಲೆ ಹಳೇ ಔಸ್ತಿ ಹಾಕ್ತೀಯಲ್ಲ, ನಿಂಗೆ ಮಕ್ಕಳಿಲ್ವಾ? ಕಾಸಿನಾಸೆಗೆ ಹಿಂಗೆ ಮಾಡ್ತಾರಾ?" ನಾನು ತಲೆ ತಗ್ಗಿಸಿ ನಿಂತೆ. ಬೈಯುತ್ತಲೇ ಅವರು ಒದ್ದೆ ಬಟ್ಟೆ ತರಿಸಿಕೊಂಡು ಹುಡುಗಿಯ ಕತ್ತಿನ ಕೆಮ್ಮಣ್ಣನ್ನು ಮೆಲ್ಲಗೆ ಒರೆಸುತ್ತಿದ್ದರು. ಹುಡುಗಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಋಣ ಇತ್ತೋ ಕೋಪ ಇತ್ತೋ ನನಗೆ ತಿಳಿಯಲಿಲ್ಲ, ಅವಳಿಗೆ ಯಾರು ಏನು ಹೇಳಿದ್ದರೋ.

ಮದುವೆ ಹೇಳಿದ ದಿನಕ್ಕೇ ಆಯಿತು. ಕಲೆ ಮಾಸಿತ್ತು, ಉಳಿದದ್ದನ್ನು ಒಡವೆ ಮುಚ್ಚಿತ್ತು. ಅಲಂಕಾರ ಮಾಡಿದ್ದು ಎದುರು ಸಲೂನಿನವರು. ಗಂಡಿನ ಕಡೆಯವರು ಎದುರಿಗಿರುವಾಗ ನನ್ನನ್ನು ಅಲಂಕಾರಕ್ಕೆ ಹೇಗೆ ಕರೆಯುತ್ತಾರೆ, ಅದು ನನಗೂ ಅರ್ಥವಾಗುತ್ತದೆ. ಊಟದ ಸಾಲಿನಲ್ಲಿ ಇಬ್ಬರು ಹೆಂಗಸರು ನನ್ನನ್ನು ತೋರಿಸಿ ಏನೋ ಪಿಸುಗುಟ್ಟಿದರು. ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ನಾನು ಬಿಳಿ ಎಲ್‌ಇಡಿ ತೆಗೆಸಿ ಹಳದಿ ಬಲ್ಬು ಹಾಕಿಸಿದೆ, ಕಿಟಕಿಗೆ ಸೊಳ್ಳೆ ಪರದೆ ಹೊಡೆಸಿದೆ. ಇರುವೆ ಕಂಡರೂ ಒರೆಸುವುದಿಲ್ಲ, ಊದಿ ಹಾರಿಸುತ್ತೇನೆ. ಗೆರೆಗಳು ನಿಂತವು. "ಹಳೇ ಬ್ಲೀಚ್ ಎಸೆದ್ಲಂತೆ, ಅದಕ್ಕೇ ಸರಿಯಾಯ್ತು" ಎಂದು ಜನ ಮಾತಾಡಿಕೊಂಡರು. ಹಳೆಯ ಗಿರಾಕಿಗಳಲ್ಲಿ ಕೆಲವರು ಮರಳಿ ಬಂದರು, ಹಲವರು ಬರಲಿಲ್ಲ. ಹುಡುಗಿಯ ತಾಯಿ ಬಂದೇ ಬರುತ್ತಾರೆ, ಬಂದು ನಾಕು ಜನಕ್ಕೆ ಸತ್ಯ ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ.

ಅವರು ಬಂದದ್ದು ಯುಗಾದಿ ಹತ್ತಿರವಾದಾಗ. ಅಂಗಡಿಯಲ್ಲಿ ಇನ್ಯಾರೂ ಇರಲಿಲ್ಲ. ಮಗಳು ಸುಖವಾಗಿದ್ದಾಳೆಂದರು, ಹುಬ್ಬು ಮಾಡಿಸಿಕೊಂಡರು. ಹಬ್ಬ ಬಂತಲ್ಲ, ಮುಖಕ್ಕೂ ಏನಾದರೂ ಮಾಡಲೇ ಎಂದು ಕೇಳಿ ನಾನು ಹೊಸ ಬ್ಲೀಚ್ ಡಬ್ಬಿ ಕೈಗೆತ್ತಿಕೊಂಡೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ, ಕೆಳಗಿನ ತಾರೀಕನ್ನು ಓದಿದರು.

"ಬೇಡ ಕಣಕ್ಕ" ಎಂದರು. "ಎಲ್ಲ ಮಾಡಿಸ್ಕೋತೀನಿ. ನಿನ್ನ ಕೈಲಿ ಬ್ಲೀಚ್ ಒಂದು ಬೇಡ. ಹಿಂದೆ ಆಗಿದ್ದು ಗೊತ್ತಲ್ಲ."

ತಮಾಷೆ ಮಾಡುತ್ತಿದ್ದಾರೆಂದು ಕನ್ನಡಿಯಲ್ಲಿ ಅವರ ಮುಖ ನೋಡಿದೆ. ನಗು ಇರಲಿಲ್ಲ. ನನಗೆ ಹೇಳಿಕೊಟ್ಟ ಮಾತನ್ನು ತಾವೇ ಅಷ್ಟು ಜನಕ್ಕೆ ಹೇಳಿ ಹೇಳಿ ನಂಬಿಬಿಟ್ಟಿದ್ದರು. ನಾನು ಎಡಗೈ ಚಾಚಿ ಏನಾದರೂ ತೋರಿಸೋಣವೆಂದರೆ ಅಲ್ಲಿ ಕಲೆಯೂ ಉಳಿದಿರಲಿಲ್ಲ.

ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿದೆ. ಡಬ್ಬಿ ಅವರು ಇಟ್ಟ ಜಾಗದಲ್ಲೇ ಇತ್ತು. ಎತ್ತಿಕೊಂಡು, ತಾರೀಕು ನೋಡಿ, ಮುಚ್ಚಳ ತೆಗೆದು ನಾನೂ ಒಮ್ಮೆ ಮೂಸಿ ನೋಡಿದೆ.